ಹಿರಿಯರ ನಿವಾಸದ ಖರ್ಚು: ತಿಂಗಳ ದರ ಬಿಟ್ಟು ವರ್ಷದ ಲೆಕ್ಕ ಹಾಕುವುದು ಹೇಗೆ?

ಫೋನಿನಲ್ಲಿ ಹೇಳಿದ ದರ ತಿಂಗಳಿಗೆ 22 ಸಾವಿರ. ವರ್ಷ ಮುಗಿದಾಗ ನಮ್ಮ ಡೈರಿಯ ಲೆಕ್ಕ ತಿಂಗಳಿಗೆ 33 ಸಾವಿರಕ್ಕೆ ಬಂದು ನಿಂತಿತ್ತು. ನಿವಾಸದವರು ಮೋಸ ಮಾಡಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ನಾವೇ ಕೇಳಿರಲಿಲ್ಲ.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ಹೈಸ್ಕೂಲ್ ಮೇಷ್ಟ್ರು. ಅವರು ತೀರಿಕೊಂಡ ಮೇಲೆ ಅವ್ವ ತೋಟದ ಮನೆಯಲ್ಲಿ ಎರಡು ಮಳೆಗಾಲ ಒಬ್ಬಳೇ ಕಳೆದಳು. ಮೂರನೇ ಮಳೆಗಾಲದ ಒಂದು ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಳು. ಕರೆಂಟ್ ಇರಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ರಸ್ತೆಗೆ ಮರ ಬಿದ್ದಿತ್ತು. ಬೆಳಿಗ್ಗೆ ಲೈನ್ ಮನೆಯವರು, ಅಂದರೆ ತೋಟದ ಆಳುಗಳು, ಬಂದು ನೋಡುವವರೆಗೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಹಾಸನದಲ್ಲಿ, ನಾನು ಚಿಕ್ಕಮಗಳೂರು ಟೌನಿನಲ್ಲಿ. ಮೂವರ ಮನೆಗೂ ಅವ್ವ ಒಪ್ಪಲಿಲ್ಲ. "ತಿಂಗಳಿಗೊಂದು ಮನೆಗೆ ಚೀಲ ಹೊತ್ಕೊಂಡು ತಿರುಗೋಕೆ ನನ್ನ ಕೈಲಾಗಲ್ಲ" ಅಂದಳು. ಹಾಗೆ ನಿವಾಸ ಹುಡುಕುವ ಕೆಲಸ ಶುರುವಾಯಿತು.

ಅದೇ ಹುಡುಕಾಟದಲ್ಲಿ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅವ್ವನೋ ಅಪ್ಪನೋ ಈಗ ಓಡಾಡಿಕೊಂಡಿರಬಹುದು. ಆದರೆ ಲೆಕ್ಕ ಹಾಕಬೇಕಾದ್ದು ಅವರು ಹಾಸಿಗೆ ಹಿಡಿಯುವ ವರ್ಷಕ್ಕೆ. ಕೆಳಗಿನ ಹಂತಗಳೆಲ್ಲ ಆ ವರ್ಷದ ಸುತ್ತಲೇ ಇವೆ.

ಹಂತ 1: ಆರು ಕೆಲಸಗಳನ್ನು ಹಾಳೆಯಲ್ಲಿ ಬರೆಯಿರಿ

ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಊಟ ಮಾಡುವುದು, ಮಲಮೂತ್ರದ ಹಿಡಿತ. ಈ ಆರರಲ್ಲಿ ಎಷ್ಟನ್ನು ಅವರೇ ನೋಡಿಕೊಳ್ಳುತ್ತಾರೆ ಅಂತ ಬರೆಯಿರಿ. ಹಿರಿಯರಿಗೆ ಎಷ್ಟು ಆರೈಕೆ ಬೇಕು ಅಂತ ಅಳೆಯಲು ವೈದ್ಯರೂ ಇವೇ ಆರನ್ನು ನೋಡುತ್ತಾರೆ. ನಿವಾಸದ ದರವೂ ಬಹುಪಾಲು ಇವುಗಳ ಮೇಲೇ ನಿಲ್ಲುತ್ತದೆ.

ಏಳನೇ ಸಾಲಾಗಿ ಮರೆವು ಸೇರಿಸಿ. ಒಲೆ ಆರಿಸಲು ಮರೆಯುವುದು, ದಾರಿ ತಪ್ಪುವುದು, ರಾತ್ರಿ ಎದ್ದು ಬಾಗಿಲು ತೆರೆಯುವುದು ಇದ್ದರೆ ಮುಚ್ಚಿಡಬೇಡಿ. ಮರೆವಿನ ಕಾಯಿಲೆ ಇರುವವರನ್ನು ಸೇರಿಸಿಕೊಳ್ಳದ ನಿವಾಸಗಳು ಇವೆ. ಸೇರಿದ ಮೇಲೆ ಗೊತ್ತಾದರೆ ಕರೆದುಕೊಂಡು ಹೋಗಿ ಅನ್ನುತ್ತಾರೆ. ಹಿರಿಯ ಜೀವಕ್ಕೆ ಆರು ತಿಂಗಳಲ್ಲಿ ಎರಡು ಸಲ ಜಾಗ ಬದಲಿಸುವುದು ತುಂಬಾ ಕಷ್ಟ. ಖರ್ಚೂ ಎರಡು ಸಲ.

ಈ ಹಾಳೆಯನ್ನು ಅವರ ಮುಂದೆಯೇ ಬರೆಯಿರಿ. ಅವರಿಲ್ಲದಾಗ ಅಣ್ಣತಮ್ಮಂದಿರು ಸೇರಿ ಬರೆದರೆ ತಪ್ಪಾಗುತ್ತದೆ. ಅವ್ವನಿಗೆ ಬಟ್ಟೆ ಹಿಂಡಲು ಆಗುವುದಿಲ್ಲ ಅನ್ನುವುದು ನಮ್ಮ ಮೂವರಿಗೂ ಗೊತ್ತಿರಲಿಲ್ಲ.

ಹಂತ 2: ಎಂಥ ಜಾಗ ಅಂತ ತಿಳಿದುಕೊಳ್ಳಿ

ಹೆಸರು ಯಾವುದೇ ಇರಲಿ, ದುಡ್ಡಿನ ಲೆಕ್ಕದಲ್ಲಿ ಇವು ನಾಲ್ಕು ಬಗೆ. ದಾನಿಗಳ, ಸರ್ಕಾರದ ನೆರವಿನಿಂದ ನಡೆಯುವ ಉಚಿತ ವೃದ್ಧಾಶ್ರಮ. ಟ್ರಸ್ಟ್ ಅಥವಾ ಖಾಸಗಿಯವರು ನಡೆಸುವ, ತಿಂಗಳ ಶುಲ್ಕದ ನಿವಾಸ. ದೊಡ್ಡ ಡೆಪಾಸಿಟ್ ಜೊತೆಗೆ ತಿಂಗಳ ಶುಲ್ಕ ಪಡೆಯುವ ನಿವಾಸ. ಕೊನೆಯದು ಹಿರಿಯರಿಗೆಂದೇ ಕಟ್ಟಿದ ಫ್ಲಾಟ್ ಕೊಳ್ಳುವುದು. ಬೆಂಗಳೂರು, ಕೊಯಮತ್ತೂರು ಕಡೆ ಈ ಕೊನೆಯ ಬಗೆಯ ಜಾಹೀರಾತು ಜಾಸ್ತಿ ನೋಡುತ್ತೀರಿ.

ಫ್ಲಾಟ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಕರ್ನಾಟಕ ರೆರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಹೊಸ ಯೋಜನೆಗೆ ಅದು ಕಡ್ಡಾಯ. 45 ಲಕ್ಷಕ್ಕಿಂತ ಹೆಚ್ಚಿನ ಬೆಲೆಗೆ ಮುದ್ರಾಂಕ ಶುಲ್ಕ ಶೇ. 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಸೆಸ್, ಸರ್‌ಚಾರ್ಜ್ ಸೇರಿದರೆ 50 ಲಕ್ಷದ ಫ್ಲಾಟಿಗೆ ಬರೀ ಕಾಗದದ ಖರ್ಚೇ ಸುಮಾರು 3 ಲಕ್ಷ 80 ಸಾವಿರ. ಊಟ, ಆರೈಕೆ, ಮೆಂಟೇನೆನ್ಸ್ ಇದಕ್ಕೆ ಸೇರಿಲ್ಲ. 75 ದಾಟಿದವರಿಗೆ ಕೊಳ್ಳುವ ದಾರಿ ಬೇಡ ಅಂತಲೇ ನನ್ನ ಅಭಿಪ್ರಾಯ. ಆ ದುಡ್ಡು ಆರೈಕೆಗೆ ಕೈಗೆ ಸಿಗುವ ಹಾಗೆ ಇರಬೇಕು.

ಜಿಎಸ್‌ಟಿ ವಿಷಯ ಇಲ್ಲೇ ಕೇಳಿಬಿಡಿ. ಸರ್ಕಾರ ನಡೆಸುವ ವೃದ್ಧಾಶ್ರಮಕ್ಕೆ, ಹಾಗೆಯೇ ಆದಾಯ ತೆರಿಗೆ ಇಲಾಖೆಯಲ್ಲಿ ಧರ್ಮಾರ್ಥ ಸಂಸ್ಥೆ ಅಂತ ನೋಂದಾಯಿಸಿಕೊಂಡವರು ನಡೆಸುವ ವೃದ್ಧಾಶ್ರಮಕ್ಕೆ 2018ರಿಂದ ವಿನಾಯಿತಿ ಇದೆ. ಇರುವವರಿಗೆ 60 ತುಂಬಿರಬೇಕು. ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ ತಲಾ 25 ಸಾವಿರದೊಳಗೆ ಇರಬೇಕು. ಖಾಸಗಿ ಕಂಪನಿಯ ನಿವಾಸಕ್ಕೆ ಈ ವಿನಾಯಿತಿ ಇಲ್ಲ. "ತೆರಿಗೆ ಸೇರಿಸಿ ಹೇಳಿದ್ರಾ, ಬಿಟ್ಟು ಹೇಳಿದ್ರಾ?" ಅನ್ನುವ ಒಂದು ಪ್ರಶ್ನೆಯಿಂದ ತಿಂಗಳ ಬಿಲ್ಲು ನಾಲ್ಕೈದು ಸಾವಿರ ಹೆಚ್ಚುಕಮ್ಮಿ ಆಗಬಹುದು.

ಹಂತ 3: ದರವನ್ನು ಕಾಗದದಲ್ಲಿ ಬರೆಸಿಕೊಳ್ಳಿ

ನಾವು ಎಡವಿದ್ದು ಇಲ್ಲೇ. "ಎಲ್ಲಾ ಸೇರಿ 22 ಸಾವಿರ" ಅಂದರು. ಆ "ಎಲ್ಲಾ" ಅನ್ನುವುದರೊಳಗೆ ರೂಮು, ಊಟ, ಬಟ್ಟೆ ಒಗೆತ, ವಾರಕ್ಕೊಮ್ಮೆ ಬಿಪಿ ನೋಡುವುದು ಇತ್ತು. ಔಷಧಿ, ರಕ್ತ ಪರೀಕ್ಷೆ, ಫಿಸಿಯೋಥೆರಪಿ, ಆಸ್ಪತ್ರೆಗೆ ಹೋಗುವ ಗಾಡಿ ಇರಲಿಲ್ಲ. ನೀವು ಹೋದಾಗ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ.

ಆರೈಕೆಯ ಮಟ್ಟ ಬದಲಾದರೆ ಎಷ್ಟು ಏರುತ್ತದೆ? ಓಡಾಡುವವರಿಗೆ ಒಂದು ದರ, ಕೈ ಹಿಡಿದು ನಡೆಸಬೇಕಾದವರಿಗೆ ಒಂದು, ಹಾಸಿಗೆ ಹಿಡಿದವರಿಗೆ ಇನ್ನೊಂದು. ಮೂರನ್ನೂ ಈಗಲೇ ಬರೆಸಿಕೊಳ್ಳಿ. ಯಾರಿಗೆ ಯಾವ ಮಟ್ಟ ಅಂತ ತೀರ್ಮಾನಿಸುವವರು ಯಾರು? ನಿವಾಸದ ನರ್ಸೋ, ಹೊರಗಿನ ವೈದ್ಯರೋ? ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರಾ ಅಂತ ಕೇಳಲು ಸಂಕೋಚ ಬೇಡ. ಕೆಲವರು ಇಟ್ಟುಕೊಳ್ಳುವುದಿಲ್ಲ.

ವರ್ಷಕ್ಕೆ ಶೇಕಡಾ ಎಷ್ಟು ಏರಿಸುತ್ತಾರೆ? ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ವರ್ಷಕ್ಕೆ ಶೇ. 8 ಏರಿದರೆ ಇವತ್ತಿನ 22 ಸಾವಿರ ಐದು ವರ್ಷಕ್ಕೆ 32,300 ಆಗುತ್ತದೆ, ಹತ್ತು ವರ್ಷಕ್ಕೆ 47,500. ಮಟ್ಟ ಬದಲಾಗದೆ, ಬರೀ ಕಾಲ ಸರಿದದ್ದಕ್ಕೆ ಇಷ್ಟು.

ಆಸ್ಪತ್ರೆಗೆ ಸೇರಿದಾಗ ಏನು? ಹತ್ತು ದಿನ ಆಸ್ಪತ್ರೆಯಲ್ಲಿದ್ದರೂ ನಿವಾಸದ ಶುಲ್ಕ ನಿಲ್ಲುವುದಿಲ್ಲ. ಜೊತೆಗೆ ಅಲ್ಲಿ ಕೂರಲು ಒಬ್ಬರು ಬೇಕು. ನಿವಾಸದಿಂದ ಆಳು ಕಳಿಸಿದರೆ ಶಿಫ್ಟಿಗೆ ಎಷ್ಟು, ರಾತ್ರಿಗೆ ಎಷ್ಟು ಅಂತ ಕೇಳಿ. ಊರಿಗೆ ಹಬ್ಬಕ್ಕೆ ಹೋಗಿ ಹದಿನೈದು ದಿನ ಇದ್ದರೆ ಊಟದ ದುಡ್ಡು ಕಳೆಯುತ್ತಾರಾ ಅಂತಲೂ ಕೇಳಿ. ಕಳೆಯುವವರು ಇದ್ದಾರೆ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಮಲೆನಾಡಿನಲ್ಲಿ ಜಾಗ ನೋಡುವುದಾದರೆ ಇನ್ನೂ ಎರಡು ಮಾತು. ಜನರೇಟರ್ ಇಡೀ ಕಟ್ಟಡಕ್ಕಾ, ಬರೀ ಕಾರಿಡಾರ್ ಲೈಟಿಗಾ? ಆಕ್ಸಿಜನ್ ಮೆಷಿನ್, ಏರ್ ಬೆಡ್ ಎರಡೂ ಕರೆಂಟಿನಲ್ಲೇ ನಡೆಯುತ್ತವೆ. ಎರಡನೆಯದು ಆಸ್ಪತ್ರೆಯ ದೂರ. ಮೂಡಿಗೆರೆ ಕಡೆಯವರು ದೊಡ್ಡ ಕಾಯಿಲೆ ಅಂದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇವೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೇ ಇಲ್ಲ. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಕ್ಕನ ಮನೆಯೂ ಇದೆ. ನಾವು ಹಾಸನವನ್ನು ಆರಿಸಿದ್ದು ಇದಕ್ಕೇ. ತಿಂಗಳಿಗೆ ಎರಡು ಸಾವಿರ ಕಡಿಮೆಗೆ ಹಸಿರು ಗುಡ್ಡದ ನಡುವೆ ಒಂದು ಚಂದದ ಜಾಗ ಸಿಕ್ಕಿತ್ತು. ಬಿಟ್ಟೆವು. ಹತ್ತಿರದಲ್ಲಿ ಒಬ್ಬ ಮಗಳೋ ಮಗನೋ ಇರುವುದಕ್ಕೆ ಬೆಲೆ ಕಟ್ಟಿ ನೋಡಿ. ಎರಡು ಸಾವಿರಕ್ಕಿಂತ ಜಾಸ್ತಿಯೇ ಆಗುತ್ತದೆ.

ಹಂತ 4: ಎರಡು ವರ್ಷಗಳ ಲೆಕ್ಕ ಪಕ್ಕಪಕ್ಕ ಇಡಿ

ಮೊದಲನೆಯದು ಓಡಾಡಿಕೊಂಡಿರುವ ವರ್ಷ. ನಮ್ಮ ಡೈರಿಯದು ಹೀಗಿದೆ:

ನಿವಾಸದ ಶುಲ್ಕ: 2,64,000
ಔಷಧಿ: 36,000
ಆರೋಗ್ಯ ವಿಮೆಯ ಕಂತು: 30,000
ವೈದ್ಯರು, ಪರೀಕ್ಷೆ, ಫಿಸಿಯೋಥೆರಪಿ: 24,000
ಹಬ್ಬಕ್ಕೆ ಊರಿಗೆ ಕರೆದೊಯ್ಯುವುದು, ನಾವು ನೋಡಲು ಹೋಗುವುದು: 18,000
ಆಸ್ಪತ್ರೆಗೆ ಗಾಡಿ, ಜೊತೆಗೆ ಆಳು: 12,000
ಬಟ್ಟೆ, ಮೊಬೈಲ್, ಎಲೆ ಅಡಿಕೆ, ಕೈ ಖರ್ಚು: 12,000

ಒಟ್ಟು 3,96,000. ತಿಂಗಳಿಗೆ 33 ಸಾವಿರ.

ಕೈ ಖರ್ಚನ್ನು ಕಡಿಮೆ ಮಾಡಬೇಡಿ. ಅವ್ವ ತನ್ನ ರೂಮಿನ ಆಯಾಳ ಮಗುವಿಗೆ ಹಬ್ಬಕ್ಕೆ ಫ್ರಾಕ್ ಕೊಡಿಸಿದಳು. ನಮ್ಮ ಕೈ ನೋಡದೆ ಕೊಡಿಸಿದಳು. ಆ ಮುಖ ನೋಡಬೇಕಿತ್ತು. ಪ್ರಯಾಣದ ಖರ್ಚಿನಲ್ಲಿ ಒಂದು ಅನುಕೂಲ ಇದೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ನನ್ನ ಹೆಂಡತಿ ಚಿಕ್ಕಮಗಳೂರಿನಿಂದ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಹೋಗಿ ಬರುತ್ತಾಳೆ. ಹೀಗಾಗಿ ಭೇಟಿ ತಿಂಗಳಿಗೆ ಎರಡಾಗಿದೆ.

ಎರಡನೆಯದು ಹಾಸಿಗೆ ಹಿಡಿದ ವರ್ಷ. ಇದು ನಮಗೆ ಇನ್ನೂ ಬಂದಿಲ್ಲ. ನಿವಾಸದವರು ಬರೆದುಕೊಟ್ಟ ದರ ಇಟ್ಟುಕೊಂಡು ಹಾಕಿದ ಲೆಕ್ಕ. ಆರೈಕೆಗೆ ತಿಂಗಳಿಗೆ 12 ಸಾವಿರ ಹೆಚ್ಚು, ಅಂದರೆ ಶುಲ್ಕ 34 ಸಾವಿರ, ವರ್ಷಕ್ಕೆ 4,08,000. ಔಷಧಿ 60,000. ಡೈಪರ್ ದಿನಕ್ಕೆ ನಾಲ್ಕು, ಒಂದಕ್ಕೆ 35 ರೂಪಾಯಿ ಹಿಡಿದರೆ ವರ್ಷಕ್ಕೆ 51,100. ವೈದ್ಯರು, ಫಿಸಿಯೋಥೆರಪಿ 48,000. ಆಂಬುಲೆನ್ಸ್, ಆಳು 15,000. ವಿಮೆ, ಪ್ರಯಾಣ, ಕೈ ಖರ್ಚು ಮೊದಲಿನ ಹಾಗೇ 60,000. ಒಟ್ಟು 6,42,100. ತಿಂಗಳಿಗೆ ಸುಮಾರು 53,500.

ಡೈಪರ್ ಲೆಕ್ಕ ನೋಡಿ ಅಣ್ಣ ಎರಡು ಸಲ ಗುಣಿಸಿದ. ಸರಿಯಾಗೇ ಇತ್ತು.

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದಾಗಿನ ಬಿಲ್ಲಿಗೆ. ನಿವಾಸದ ಶುಲ್ಕಕ್ಕೂ ಆಯಾಳ ಸಂಬಳಕ್ಕೂ ಬರುವುದಿಲ್ಲ. ಆದರೂ ಪಾಲಿಸಿ ಬಿಡಬೇಡಿ. 65 ದಾಟಿದವರಿಗೆ ಹೊಸ ಪಾಲಿಸಿ ಕೊಡಲು ಇದ್ದ ವಯಸ್ಸಿನ ತಡೆಯನ್ನು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ತೆಗೆದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ.

ಹಂತ 5: ಬರುವ ದುಡ್ಡನ್ನು ತಿಂಗಳಿಗೆ ಹೊಂದಿಸಿ

ನಮ್ಮ ಕಡೆಯ ಮನೆಗಳಿಗೆ ಇದೇ ನಿಜವಾದ ತೊಡಕು. ನಿವಾಸದವರು ಪ್ರತಿ ತಿಂಗಳು 5ನೇ ತಾರೀಖಿಗೆ ದುಡ್ಡು ಕೇಳುತ್ತಾರೆ. ಕಾಫಿ ವರ್ಷಕ್ಕೊಮ್ಮೆ ದುಡ್ಡು ಕೊಡುತ್ತದೆ. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ ಕೊಯ್ಲು. ಕಣದಲ್ಲಿ ಒಣಗಿ, ಮೂಟೆ ಕಟ್ಟಿ, ದರ ನೋಡಿ ಮಾರುವಷ್ಟರಲ್ಲಿ ಮಾರ್ಚ್. ಕಾಳುಮೆಣಸೂ ಸುಮಾರು ಆಗಲೇ. ಏಪ್ರಿಲಿನಲ್ಲಿ ಕೈ ತುಂಬ ಇರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಗೊಬ್ಬರಕ್ಕೆ, ಆಳಿಗೆ ಹೋಗಿ ಖಾಲಿ. ಸೆಪ್ಟೆಂಬರಿನ ಶುಲ್ಕಕ್ಕೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದು ಆಗಲೇ.

ಅದಕ್ಕೆ ಮೊದಲು ಹಿರಿಯರ ಹೆಸರಿನಲ್ಲೇ ಬರುವ ನಿಶ್ಚಿತ ಆದಾಯ ಕೂಡಿ. ಅವ್ವನಿಗೆ ಕುಟುಂಬ ಪಿಂಚಣಿ 16 ಸಾವಿರ. ಅಪ್ಪನ ನಿವೃತ್ತಿಯ ದುಡ್ಡಿನಲ್ಲಿ 15 ಲಕ್ಷವನ್ನು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅವ್ವನ ಹೆಸರಿಗೆ ಹಾಕಿದ್ದೇವೆ. 2023ರ ಏಪ್ರಿಲಿನಿಂದ ಅದರ ಬಡ್ಡಿ ಶೇ. 8.2, ಗರಿಷ್ಠ ಮಿತಿ 30 ಲಕ್ಷ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ. ಆದರೆ ನೀವು ಹಾಕಿದ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. 15 ಲಕ್ಷಕ್ಕೆ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ 30,750 ರೂಪಾಯಿ ಬರುತ್ತದೆ. ತಿಂಗಳಿಗೆ ಹಂಚಿದರೆ 10,250. ಇದು ಸಾಲದಿದ್ದರೆ ಪೋಸ್ಟ್ ಆಫೀಸಿನದೇ ಮಾಸಿಕ ಆದಾಯ ಯೋಜನೆ ಇದೆ. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಹಾಕಬಹುದು.

ಈಗ ಕಳೆಯಿರಿ. 16,000ಕ್ಕೆ 10,250 ಸೇರಿ 26,250. ಬೇಕಾದ್ದು 33,000. ಕೊರತೆ ತಿಂಗಳಿಗೆ 6,750, ವರ್ಷಕ್ಕೆ 81 ಸಾವಿರ. ಇದು ತೋಟದಿಂದ ಬರಬೇಕು. ನಾವು ಮಾಡುವುದು ಇಷ್ಟೆ: ಮಾರ್ಚಿನಲ್ಲಿ ಮೆಣಸು ಮಾರಿದ ದಿನವೇ 81 ಸಾವಿರವನ್ನು ಅವ್ವನ ಖಾತೆಗೆ ಹಾಕಿಬಿಡುತ್ತೇವೆ. ಆಮೇಲೆ ಗೊಬ್ಬರ, ಆಮೇಲೆ ಸಾಲ. ಒಳ್ಳೆ ದರ ಸಿಕ್ಕ ವರ್ಷ ಎರಡು ವರ್ಷದ್ದು ಹಾಕುತ್ತೇವೆ. ಕಾಫಿ ದರ ಯಾವಾಗ ಕುಸಿಯುತ್ತದೋ ಬೆಳೆಗಾರರಿಗೆ ಹೇಳಬೇಕಾ?

ಹಾಸಿಗೆ ಹಿಡಿದ ವರ್ಷದ ಕೊರತೆಯೂ ಲೆಕ್ಕ ಹಾಕಿ. 53,500ರಲ್ಲಿ 26,250 ಕಳೆದರೆ 27,250. ವರ್ಷಕ್ಕೆ 3,27,000. ಮೂರು ವರ್ಷ ಅಂತ ಹಿಡಿದರೆ 9,81,000. ಇವತ್ತಿನ ದರದಲ್ಲೇ ಇಷ್ಟು. ಈ ಮೊತ್ತಕ್ಕೆ ನಾವು ಮೂವರೂ ಪಾಲು ಹಾಕಿ ಎಫ್‌ಡಿ ಕಟ್ಟುತ್ತಾ ಬಂದಿದ್ದೇವೆ. ಯಾರ ಪಾಲು ಎಷ್ಟು ಅನ್ನುವುದನ್ನು ಬರೆದಿಟ್ಟಿದ್ದೇವೆ. ಅಕ್ಕ ಓಡಾಟ ನೋಡಿಕೊಳ್ಳುತ್ತಾಳೆ, ಹಾಗಾಗಿ ಅವಳ ಪಾಲು ಕಡಿಮೆ. ಹತ್ತಿರ ಇದ್ದು ದುಡಿಯುವ ಹೆಣ್ಣುಮಕ್ಕಳಿಂದ ದುಡ್ಡಿನಲ್ಲೂ ಸಮ ಪಾಲು ಕೇಳುವುದು ಸರಿಯಲ್ಲ.

ತೋಟದ ಮನೆಯನ್ನು ಹೋಮ್‌ಸ್ಟೇಗೆ ಕೊಟ್ಟು ಅದರಿಂದ ಶುಲ್ಕ ಕಟ್ಟೋಣ ಅಂತ ತುಂಬಾ ಜನ ಯೋಚಿಸುತ್ತಾರೆ. ಬಂದರೆ ಬರಲಿ, ನಿಶ್ಚಿತ ಆದಾಯಕ್ಕೆ ಸೇರಿಸಬೇಡಿ. ರಿವರ್ಸ್ ಮಾರ್ಟ್‌ಗೇಜ್ ಸಾಲದ, ಅಂದರೆ ಮನೆ ಅಡವಿಟ್ಟು ಬ್ಯಾಂಕಿನಿಂದ ಕಂತುಕಂತಾಗಿ ದುಡ್ಡು ಪಡೆಯುವ ಮಾತೂ ಬರುತ್ತದೆ. ಅದು ಹಿರಿಯರು ತಾವೇ ವಾಸವಿರುವ ಮನೆಗೆ. ಅವರು ಪೂರ್ತಿಯಾಗಿ ನಿವಾಸಕ್ಕೆ ಹೋದರೆ ಸಾಲ ತೀರಿಸಬೇಕಾಗುತ್ತದೆ. ತೋಟದ ಜಮೀನಿಗೆ ಅದು ಸಿಗುವುದೂ ಇಲ್ಲ.

ಹಂತ 6: ಡೆಪಾಸಿಟ್ಟಿಗೂ ತಿಂಗಳ ಬಾಡಿಗೆ ಇದೆ

ಒಂದು ಕಡೆ 5 ಲಕ್ಷ ಡೆಪಾಸಿಟ್, ತಿಂಗಳಿಗೆ 22 ಸಾವಿರ. ಇನ್ನೊಂದು ಕಡೆ ಡೆಪಾಸಿಟ್ ಇಲ್ಲ, ತಿಂಗಳಿಗೆ 25 ಸಾವಿರ. ಯಾವುದು ಅಗ್ಗ? 5 ಲಕ್ಷಕ್ಕೆ ಶೇ. 8.2ರಂತೆ ವರ್ಷಕ್ಕೆ 41 ಸಾವಿರ ಬಡ್ಡಿ ಬರುತ್ತಿತ್ತು, ತಿಂಗಳಿಗೆ ಸುಮಾರು 3,400. ಅಂದರೆ ಮೊದಲನೆಯದು ನಿಜವಾಗಿ 25,400. ಡೆಪಾಸಿಟ್ ಇಲ್ಲದ್ದೇ ವಾಸಿ.

ಡೆಪಾಸಿಟ್ ಕೊಡಲೇಬೇಕಾದರೆ ಒಪ್ಪಂದದಲ್ಲಿ ನಾಲ್ಕು ಸಾಲು ಇರಲಿ: ಎಷ್ಟು ವಾಪಸ್, ಎಷ್ಟು ದಿನದೊಳಗೆ, ಯಾರ ಹೆಸರಿಗೆ, ಯಾವ ಕಾರಣಕ್ಕೆ ಎಷ್ಟು ಕಡಿತ. ನಮ್ಮ ದೊಡ್ಡಮ್ಮನನ್ನು ಬೇರೊಂದು ಊರಿನ ನಿವಾಸಕ್ಕೆ ಸೇರಿಸಿದ್ದರು. ಅವರು ತೀರಿಕೊಂಡ ಮೇಲೆ "ಬಣ್ಣ, ರಿಪೇರಿ" ಅಂತ ಹೇಳಿ ಡೆಪಾಸಿಟ್ಟಿನಲ್ಲಿ ದೊಡ್ಡ ಮೊತ್ತ ಹಿಡಿದರು. ಉಳಿದದ್ದು ಬರಲು ಏಳು ತಿಂಗಳು ಬೇಕಾಯಿತು. ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ, ಜಗಳ ಮಾಡಲು ಆಧಾರವೇ ಇರಲಿಲ್ಲ. ತೀರಿಕೊಂಡ ಮೇಲೆ ರೂಮು ಖಾಲಿ ಮಾಡಲು ಎಷ್ಟು ದಿನ, ಆ ದಿನಗಳಿಗೂ ಶುಲ್ಕವಾ ಅನ್ನುವುದನ್ನೂ ಬರೆಸಿ. ಕೇಳಲು ಬಾಯಿ ಬರುವುದಿಲ್ಲ, ಗೊತ್ತು. ಆದರೂ ಕೇಳಿ.

ಹಂತ 7: ಕಾಗದಪತ್ರ, ಅವರ ಕೈ ಗಟ್ಟಿ ಇರುವಾಗಲೇ

ಬ್ಯಾಂಕ್ ಖಾತೆಗೆ ಮಕ್ಕಳಲ್ಲಿ ಒಬ್ಬರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರಾದರೂ ದುಡ್ಡು ತೆಗೆಯುವ ಹಾಗೆ ಮಾಡಿ. ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಇದ್ದರೆ ಸಾಕು ಅಂದುಕೊಳ್ಳಬೇಡಿ. ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಕಾನೂನಿನ ಪ್ರಕಾರ ಆ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಮರೆವಿನ ಕಾಯಿಲೆಯಲ್ಲಿ ಅದು ಬೇಕಾದಾಗಲೇ ಕೆಲಸಕ್ಕೆ ಬರುವುದಿಲ್ಲ.

ಪಿಂಚಣಿ ಇದ್ದರೆ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಮರೆಯಬೇಡಿ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಮರೆತರೆ ಪಿಂಚಣಿ ನಿಲ್ಲುತ್ತದೆ, ನಿವಾಸದ ಶುಲ್ಕ ನಿಲ್ಲುವುದಿಲ್ಲ.

ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆಯುವ ಮಾತು ಈ ಸಮಯದಲ್ಲೇ ಏಳುತ್ತದೆ. ಅವಸರ ಬೇಡ. ಬರೆಯುವುದೇ ಆದರೆ ದಾನಪತ್ರದಲ್ಲಿ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಸ್ಪಷ್ಟವಾಗಿ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಆ ದಾನವನ್ನು ರದ್ದು ಮಾಡಿಸಬಹುದು.

ದುಡ್ಡೇ ಸಾಲದವರಿಗೆ

ಲೆಕ್ಕ ಹಾಕಿದ ಮೇಲೆ ಕೊರತೆ ತುಂಬಲು ದಾರಿಯೇ ಇಲ್ಲ ಅನ್ನುವ ಮನೆಗಳು ತುಂಬಾ ಇವೆ. ಮೊದಲು 14567ಕ್ಕೆ ಫೋನ್ ಮಾಡಿ. ಅದು ಹಿರಿಯ ನಾಗರಿಕರ ಉಚಿತ ಸಹಾಯವಾಣಿ. ಜಿಲ್ಲಾ ಕೇಂದ್ರದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ, ಸರ್ಕಾರದ ನೆರವಿರುವ ವೃದ್ಧಾಶ್ರಮಗಳ ವಿವರ ಅಲ್ಲಿ ಕೇಳಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತಿಂಗಳಿಗೆ 1,200 ರೂಪಾಯಿ. ದುಡಿಯುವ ಮಕ್ಕಳಿದ್ದೂ ಕೊಡದಿದ್ದರೆ ಅದೇ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಹಾಸನ ಜಿಲ್ಲೆಯಲ್ಲಿ ಈ ಕಚೇರಿ ಹಾಸನ, ಸಕಲೇಶಪುರದಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಚಿಕ್ಕಮಗಳೂರು, ತರೀಕೆರೆಯಲ್ಲಿ. ಕಾಯ್ದೆಯಲ್ಲಿ ಇರುವ ಗರಿಷ್ಠ ಜೀವನಾಂಶ ತಿಂಗಳಿಗೆ 10 ಸಾವಿರ.

ಹಂತ 8: ಜುಲೈನಲ್ಲಿ ಹದಿನೈದು ದಿನ ಇದ್ದು ನೋಡಲಿ

ಡೆಪಾಸಿಟ್ ಕಟ್ಟುವ ಮೊದಲು ಅತಿಥಿಯಾಗಿ ಎರಡು ವಾರ ಇರಿಸಿ. ದಿನದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ. ಬೇಸಿಗೆಯಲ್ಲಿ ಎಲ್ಲ ಜಾಗವೂ ಚಂದ. ಮಳೆಯಲ್ಲಿ ನೋಡಿ: ಗೋಡೆಯಲ್ಲಿ ಥಂಡಿ ಹಿಡಿದಿದೆಯಾ, ಬಟ್ಟೆ ಒಣಗುತ್ತದಾ, ಬಿಸಿನೀರು ಹೊತ್ತಿಗೆ ಸರಿಯಾಗಿ ಬರುತ್ತದಾ, ಬಚ್ಚಲು ಜಾರುತ್ತದಾ. ಅವ್ವ ಮೂರನೇ ದಿನ ಫೋನ್ ಮಾಡಿ, "ಊಟ ಸಪ್ಪೆ, ಆದರೆ ರಾತ್ರಿ ಕರೆದರೆ ಬರ್ತಾರೆ ಕಣೋ" ಅಂದಳು. ನಮಗೆ ಅಷ್ಟು ಸಾಕಾಗಿತ್ತು. ಉಪ್ಪಿನಕಾಯಿ ಅಕ್ಕ ತಲುಪಿಸುತ್ತಾಳೆ.

ಆಮೇಲೆ ವರ್ಷಕ್ಕೊಮ್ಮೆ ಲೆಕ್ಕ ತಿರುಗಿ ನೋಡಬೇಕು. ನಮ್ಮಲ್ಲಿ ಅದು ಮಾರ್ಚ್ ಕೊನೆಯ ಭಾನುವಾರ. ಅವ್ವನ ರೂಮಿನಲ್ಲೇ ಕೂರುತ್ತೇವೆ. ಡೈರಿ ಅವಳ ದಿಂಬಿನ ಪಕ್ಕದಲ್ಲಿರುತ್ತದೆ. ಆರು ಕೆಲಸದ ಹಾಳೆಯನ್ನು ಮೊದಲು ತೆಗೆಯುತ್ತೇವೆ. ಈ ವರ್ಷ "ಸ್ನಾನ" ಅನ್ನುವ ಸಾಲಿನ ಮುಂದೆ ಅವಳೇ ಪೆನ್ನು ತಗೊಂಡು "ಸಹಾಯ ಬೇಕು" ಅಂತ ಬರೆದಳು. ನಾನು ಮುಂದಿನ ವರ್ಷದ ಲೆಕ್ಕಕ್ಕೆ ತಿಂಗಳಿಗೆ ಮೂರು ಸಾವಿರ ಸೇರಿಸಿದೆ.